ಅಡ್ಡ ನಿಂತ ಚೆಂಡು

ಮೊನ್ನೆ ಪದವಿ ತರಗತಿಯ ಭಾಷಾಂತರದ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತಿದ್ದೆ. ಇಂಗ್ಲಿಷ್ ಪತ್ರಿಕೆಯೊಂದರಿಂದ ಎತ್ತಿಕೊಟ್ಟ ಹತ್ತು ಸಾಲಿನ ಸುದ್ದಿ. ಹಳ್ಳಿಯೊಂದರ ಹೊಳೆಗೆ ಸೇತುವೆ ಕಟ್ಟುತ್ತಿದ್ದಾರೆ. ಮುಂಗಾರು ವಾಡಿಕೆಗಿಂತ ಮುಂಚೆ ಬಂದು ಹೊಳೆ ತುಂಬಿ, ಕೆಲಸ ಅರ್ಧಕ್ಕೆ ನಿಂತಿದೆ. ಇಷ್ಟೇ ಸಂಗತಿ. ಮಳೆ ಬಂದು ಕೆಲಸ ನಿಂತಿತು ಎಂಬಲ್ಲಿ ಪತ್ರಿಕೆಯವರು ‘ಸ್ಟೈಮಿ’ ಎಂಬ ಕ್ರಿಯಾಪದವನ್ನು ಬಳಸಿದ್ದರು. ಒಬ್ಬ ವಿದ್ಯಾರ್ಥಿನಿ ಅದನ್ನು ‘ಮಳೆಯು ಸೇತುವೆಯ ಕೆಲಸಕ್ಕೆ ಅಡ್ಡಗಾಲು ಹಾಕಿತು’ ಎಂದು ಅನುವಾದಿಸಿದ್ದಳು. ಕೆಂಪು ಮಸಿಯ ಲೇಖನಿ ಅಲ್ಲಿ ನಿಂತಿತು. ಅಡ್ಡಗಾಲು ಹಾಕುವವನು ಬೇಕೆಂದೇ ಹಾಕುತ್ತಾನೆ. ಅದರಲ್ಲಿ ಹೊಟ್ಟೆಕಿಚ್ಚೋ ಹಗೆಯೋ ಕಡೆಗೆ ಹುಡುಗಾಟವೋ ಇರಬೇಕು. ಪಾಪ, ಮಳೆಗೆ ಸೇತುವೆಯ ಮೇಲೆ ಯಾವ ಹಗೆ? ಅರ್ಧ ಅಂಕ ಕಳೆದೆ.

ಪತ್ರಿಕೆಗಳನ್ನು ಹಂಚಿದ ದಿನವೇ ಹುಡುಗಿ ಬಂದು ನಿಂತಳು. “ಸಾರ್, ನಿಘಂಟು ನೋಡಿಯೇ ಬರೆದದ್ದು. ಅಡ್ಡಿಪಡಿಸು ಎಂದು ಕೊಟ್ಟಿದ್ದಾರೆ. ಅಡ್ಡಗಾಲು ಎಂದರೆ ಕನ್ನಡದ ಜಾಯಮಾನಕ್ಕೆ ಹೊಂದುತ್ತದೆ ಎಂದು ಬರೆದೆ. ಜಾಯಮಾನ ನೋಡಿ ಬರೆಯಬೇಕು ಎಂದು ನೀವೇ ಹೇಳಿದ್ದಿರಿ.”

“ಹೇಳಿದ್ದೆನಮ್ಮ. ಆದರೆ ಈ ಶಬ್ದಕ್ಕೆ ಬೇರೆ ಏನೋ ನೆರಳಿದೆ. ನೋಡಿ ಹೇಳುತ್ತೇನೆ” ಎಂದೆ. ಆ ನೆರಳು ಏನೆಂದು ನಿಜವಾಗಿ ನನಗೂ ಆಗ ತಿಳಿದಿರಲಿಲ್ಲ. ಮೇಷ್ಟರು ಒಮ್ಮೆ ಅಂಕ ಕಳೆದ ಮೇಲೆ ಕಾರಣ ಹುಡುಕಲೇಬೇಕಾಗುತ್ತದೆ. ಹುಡುಕುತ್ತ ಹೋದವನು ಸೇತುವೆಯನ್ನೂ ಮಳೆಯನ್ನೂ ಬಿಟ್ಟು ಸ್ಕಾಟ್ಲೆಂಡಿನ ಕಡಲಂಚಿನ ಹುಲ್ಲುಗಾವಲಿಗೆ ಹೋಗಿ ಸೇರಿದೆ. ‘ಸ್ಟೈಮಿ’ ಮೂಲತಃ ಗಾಲ್ಫ್ ಆಟದ ಮಾತು. ಅದು ಹೆಸರಿಸುತ್ತಿದ್ದ ನಿಯಮ ಆ ಆಟದಿಂದ ಹೋಗಿ ಎಪ್ಪತ್ತು ವರ್ಷಗಳ ಮೇಲಾಯಿತು. ಮಾತು ಮಾತ್ರ ಇಂಗ್ಲಿಷ್ ಪತ್ರಿಕೆಗಳ ತಲೆಬರಹಗಳಲ್ಲಿ ಗುಂಡುಕಲ್ಲಿನಂತೆ ಕುಳಿತಿದೆ.

ಗಾಲ್ಫ್ ಎಂದರೆ ನಮ್ಮಲ್ಲಿ ಬಹುಮಂದಿಗೆ ದೂರದ ನೋಟ. ಬೆಂಗಳೂರಿನ ಸ್ಯಾಂಕಿ ರಸ್ತೆಯಲ್ಲಿ ಓಡಾಡುವವರು ಬೇಲಿಯಾಚೆಯ ಹಸಿರನ್ನು ನೋಡಿರುತ್ತಾರೆ. 1876ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಮೈದಾನ ಅದು. ಕಲ್ಕತ್ತೆಯ ಕ್ಲಬ್ಬು ಇನ್ನೂ ಹಳೆಯದು, 1829ರದು. ಬ್ರಿಟಿಷ್ ದ್ವೀಪಗಳ ಹೊರಗೆ ಹುಟ್ಟಿದ ಗಾಲ್ಫ್ ಕ್ಲಬ್ಬುಗಳಲ್ಲೆಲ್ಲ ಅದೇ ಹಿರಿಯದೆಂದು ಹೆಸರು. ನಾನು ಈ ಆಟ ಆಡಿದವನಲ್ಲ. ನಮ್ಮ ಬೀದಿಯಲ್ಲಿ ನಿವೃತ್ತ ಎಂಜಿನಿಯರರೊಬ್ಬರಿದ್ದಾರೆ. ವಾರಕ್ಕೆ ಎರಡು ದಿನ ಬೆಳಗಿನ ಐದಕ್ಕೇ ಕೋಲುಗಳ ಚೀಲ ಹೊತ್ತು ಹೊರಡುವವರು. ಶಬ್ದ ಹಿಡಿದುಕೊಂಡು ಅವರ ಮನೆಗೆ ಹೋದೆ. “ಸ್ಟೈಮಿಯೇ? ದಿನವೂ ಆಗುತ್ತದೆ ಸ್ವಾಮಿ. ನನ್ನ ಚೆಂಡಿಗೂ ಕುಳಿಗೂ ನಡುವೆ ಒಂದು ಮರ ಬಂದುಬಿಟ್ಟರೆ, ಸ್ಟೈಮಿ ಆಯಿತು ಅನ್ನುತ್ತೇವೆ” ಎಂದರು. ಮರದ ಮಾತಲ್ಲ, ಚೆಂಡಿಗೆ ಚೆಂಡೇ ಅಡ್ಡ ಬರುವ ಹಳೆಯ ನಿಯಮದ ಮಾತು ಎಂದೆ. ಅವರು ಅದನ್ನು ಕೇಳಿರಲಿಲ್ಲ. ಮೂವತ್ತು ವರ್ಷ ಆಡಿದವರಿಗೂ ಗೊತ್ತಿಲ್ಲದಷ್ಟು ಆ ಅರ್ಥ ಅಪರೂಪವಾಗಿದೆ.

ಅವರ ನಡುಮನೆಯ ಜಮಖಾನದ ಮೇಲೆ ಎರಡು ನಿಂಬೆಹಣ್ಣು, ಒಂದು ಮಗುಚಿದ ಲೋಟ ಇಟ್ಟುಕೊಂಡು ನಾವಿಬ್ಬರೂ ಆ ನಿಯಮವನ್ನು ಪುನಃ ಕಟ್ಟಿದೆವು. ಓದುಗರಿಗೂ ಅದೇ ಕ್ರಮದಲ್ಲಿ ಹೇಳುವುದು ಸುಲಭ. ಲೋಟ ಇರುವ ಜಾಗವೇ ಕುಳಿ ಎಂದಿಟ್ಟುಕೊಳ್ಳಿ. ಗಾಲ್ಫಿನಲ್ಲಿ ಹದಿನೆಂಟು ಕುಳಿಗಳಿರುತ್ತವೆ. ಒಂದೊಂದರ ಸುತ್ತಲೂ ಹುಲ್ಲನ್ನು ಜಮಖಾನದಂತೆ ನುಣ್ಣಗೆ ಕತ್ತರಿಸಿರುತ್ತಾರೆ. ದೂರದಿಂದ ಹೊಡೆದು ತಂದ ಚೆಂಡನ್ನು ಕೊನೆಗೆ ಈ ನುಣುಪಿನ ಮೇಲೆ ಮೆಲ್ಲಗೆ ಉರುಳಿಸಿ ಕುಳಿಗೆ ಬೀಳಿಸಬೇಕು. ಕುಳಿಯ ಅಗಲ ನಾಲ್ಕೂಕಾಲು ಅಂಗುಲ. 1891ರಲ್ಲಿ ಗೊತ್ತುಮಾಡಿದ ಈ ಅಳತೆ ಇಂದಿಗೂ ಬದಲಾಗಿಲ್ಲ. ಆಟದಲ್ಲಿ ಎರಡು ಬಗೆ. ಒಂದರಲ್ಲಿ ಹದಿನೆಂಟೂ ಕುಳಿಗಳಿಗೆ ಒಟ್ಟು ಎಷ್ಟು ಹೊಡೆತ ಎಂದು ಲೆಕ್ಕ. ಇನ್ನೊಂದು ಇಬ್ಬರ ನಡುವಿನ ಜೋಡಿಯಾಟ. ಒಂದೊಂದು ಕುಳಿಯೂ ಒಂದೊಂದು ಕುಸ್ತಿಯಿದ್ದಂತೆ. ಕಡಿಮೆ ಹೊಡೆತದಲ್ಲಿ ಮುಗಿಸಿದವನು ಆ ಕುಳಿಯನ್ನು ಗೆದ್ದ. ಯಾರು ಹೆಚ್ಚು ಕುಳಿ ಗೆದ್ದರೋ ಅವರಿಗೆ ಆಟ. ಸ್ಟೈಮಿ ಈ ಜೋಡಿಯಾಟಕ್ಕೆ ಸೇರಿದ್ದು.

ಇಬ್ಬರ ಚೆಂಡೂ ನುಣುಪಿಗೆ ಬಂದಿವೆ. ಕುಳಿಗೆ ದೂರವಿದ್ದವನದೇ ಮೊದಲ ಸರದಿ. ಅವನ ಚೆಂಡಿಗೂ ಕುಳಿಗೂ ನಡುವಿನ ನೇರ ದಾರಿಯಲ್ಲಿ ಎದುರಾಳಿಯ ಚೆಂಡು ಕುಳಿತಿದೆ. ಈಗಿನ ಆಟದಲ್ಲಾದರೆ ಎದುರಾಳಿ ಒಂದು ಕಾಸನ್ನು ಗುರುತಿಗಿಟ್ಟು ತನ್ನ ಚೆಂಡನ್ನು ಎತ್ತಿಕೊಳ್ಳುತ್ತಾನೆ, ದಾರಿ ತೆರೆಯುತ್ತದೆ. ಹಳೆಯ ನಿಯಮದಲ್ಲಿ ಎತ್ತುವಂತಿರಲಿಲ್ಲ. ಎರಡು ಚೆಂಡುಗಳ ನಡುವೆ ಆರು ಅಂಗುಲಕ್ಕಿಂತ ಕಡಿಮೆ ಅಂತರವಿದ್ದರೆ ಮಾತ್ರ ಹತ್ತಿರದ್ದನ್ನು ಎತ್ತಬಹುದು. ನಮ್ಮ ಲೆಕ್ಕದಲ್ಲಿ ಹೆಬ್ಬೆರಳಿನಿಂದ ತೋರುಬೆರಳಿನವರೆಗೆ ಚಾಚಿದರೆ ಬರುವ ಒಂದು ಚೋಟು. ಚೋಟಿಗಿಂತ ಕೂದಲೆಳೆ ಹೆಚ್ಚಿದ್ದರೂ ಚೆಂಡು ಅಲ್ಲೇ ಕುಳಿತಿರುತ್ತದೆ. ಅದನ್ನು ಬಳಸಿಕೊಂಡು ಹೋಗಬೇಕು, ಇಲ್ಲವೆ ಅದರ ತಲೆಯ ಮೇಲೆ ಹಾರಿಸಬೇಕು, ಇಲ್ಲವೆ ಆ ಕುಳಿಯ ಆಸೆ ಬಿಡಬೇಕು. ಇದೇ ಸ್ಟೈಮಿ.

ಹಿಂದಿನ ಕಾಲದ ಅಂಕಪತ್ರಗಳಲ್ಲಿ ಎಷ್ಟೋ ಸರಿಯಾಗಿ ಆರು ಅಂಗುಲದ ಅಳತೆಗೇ ಕತ್ತರಿಸಿದವಾಗಿದ್ದವು, ಇಲ್ಲವೆ ಅಂಚಿನಲ್ಲಿ ಆರು ಅಂಗುಲದ ಗುರುತು ಹೊತ್ತಿರುತ್ತಿದ್ದವು. ಸಂಶಯ ಬಂದಾಗ ಜೇಬಿನಿಂದ ತೆಗೆದು ಎರಡು ಚೆಂಡುಗಳ ನಡುವೆ ಹಿಡಿದು ನೋಡುವುದು. ಅಂಕ ಬರೆಯುವ ಕಾಗದವೇ ಅಳತೆಕೋಲು. ಇದನ್ನು ಕೇಳಿ ಎಂಜಿನಿಯರ್ ಸಾಹೇಬರಿಗೆ ಬಹಳ ಸಂತೋಷವಾಯಿತು.

ಎದುರಾಳಿಯ ಚೆಂಡಿಗೆ ತಗಲಿಸಿದರೆ? ನಮ್ಮ ಗೋಲಿಯಾಟದಲ್ಲಿ ಎದುರಿನವನ ಗೋಲಿಗೆ ಗುರಿಯಿಟ್ಟು ಹೊಡೆಯುವುದೇ ಜಾಣತನ. ಇಲ್ಲಿ ಹಾಗಲ್ಲ. ಹೊಡೆದು ಸರಿಸಿದರೆ, ಎದುರಾಳಿ ಇಷ್ಟಪಟ್ಟರೆ ತನ್ನ ಚೆಂಡನ್ನು ಮೊದಲಿದ್ದ ಜಾಗಕ್ಕೇ ತಂದಿಟ್ಟುಕೊಳ್ಳಬಹುದು. ಹೊಡೆತಕ್ಕೆ ಅವನ ಚೆಂಡು ಕುಳಿಗೆ ಬಿದ್ದುಬಿಟ್ಟರಂತೂ ಅವನು ತನ್ನ ಹಿಂದಿನ ಹೊಡೆತದಲ್ಲೇ ಕುಳಿ ಮುಟ್ಟಿದನೆಂದು ಲೆಕ್ಕ. ಶತ್ರುವಿನ ಕೆಲಸವನ್ನು ನಾವೇ ಮಾಡಿಕೊಟ್ಟಂತೆ. ಈ ನಿಯಮ ಬರೆದವರಿಗೆ ವಿನೋದಪ್ರಜ್ಞೆ ಇತ್ತೆಂದು ನನ್ನ ಅನುಮಾನ.

ಇಂಥ ವಿಚಿತ್ರ ನಿಯಮ ಎಲ್ಲಿಂದ ಬಂತು? ಯಾರೋ ಕುಳಿತು ಯೋಚಿಸಿ ಮಾಡಿದ್ದಲ್ಲ ಎಂದೇ ತೋರುತ್ತದೆ. ಸ್ಕಾಟ್ಲೆಂಡಿನಲ್ಲಿ ಗಾಲ್ಫ್ ಬಹಳ ಹಳೆಯದು. ಜನ ಬಿಲ್ವಿದ್ಯೆಯನ್ನು ಬಿಟ್ಟು ಇದರ ಹಿಂದೆ ಬಿದ್ದಿದ್ದಾರೆಂದು 1457ರಲ್ಲಿ ಎರಡನೆಯ ಜೇಮ್ಸ್ ದೊರೆಯ ಕಾಲದ ಪಾರ್ಲಿಮೆಂಟು ಫುಟ್‌ಬಾಲಿನ ಜೊತೆಗೆ ಗಾಲ್ಫನ್ನೂ ನಿಷೇಧಿಸಿತ್ತು. ಲಿಖಿತ ನಿಯಮಗಳು ಬಂದದ್ದು ಅದಾದ ಮೂರು ಶತಮಾನಗಳ ಮೇಲೆ. 1744ರಲ್ಲಿ ಎಡಿನ್‌ಬರೋ ನಗರಸಭೆ ಕೊಟ್ಟ ಬೆಳ್ಳಿಯ ಕೋಲಿಗಾಗಿ ಪಂದ್ಯವಾಡಲು ಲೀತ್ ಎಂಬ ಬಂದರಿನ ಗಾಲ್ಫ್ ಆಟಗಾರರು ಹದಿಮೂರು ನಿಯಮಗಳನ್ನು ಬರೆದುಕೊಂಡರು. ಅವುಗಳಲ್ಲಿ ಆರನೆಯದು, ಎರಡು ಚೆಂಡು ಒಂದಕ್ಕೊಂದು ತಗುಲಿಕೊಂಡಿದ್ದರೆ ಹಿಂದಿನದನ್ನು ಆಡುವತನಕ ಮುಂದಿನದನ್ನು ಎತ್ತತಕ್ಕದ್ದು ಎನ್ನುತ್ತದೆ. ತಗುಲಿಕೊಂಡಿರದಿದ್ದರೆ ಏನು? ಅದರ ಮಾತೇ ಇಲ್ಲ. ಕುಳಿ ಮುಟ್ಟುವತನಕ ಚೆಂಡನ್ನು ಕೈಯಿಂದ ಮುಟ್ಟಬಾರದೆಂಬುದು ಆ ಆಟದ ಬುಡದಲ್ಲಿರುವ ಶ್ರದ್ಧೆ. ಕಲ್ಲಿನ ಪಕ್ಕಕ್ಕೆ ಬಿತ್ತೆ, ಹಳ್ಳಕ್ಕೆ ಉರುಳಿತೆ, ಬಿದ್ದಲ್ಲಿಂದಲೇ ಆಡು. ಆ ಶ್ರದ್ಧೆಯನ್ನು ಒಪ್ಪಿಕೊಂಡರೆ ಸ್ಟೈಮಿ ತಾನಾಗಿ ಹುಟ್ಟುತ್ತದೆ. ಎದುರಾಳಿಯ ಚೆಂಡೂ ಮೈದಾನದ ಒಂದು ಕಲ್ಲು, ಅಷ್ಟೆ.

ಜಗಳವೂ ಅಷ್ಟೇ ಹಳೆಯದು. ಗಾಲ್ಫಿನ ಕಾಶಿಯೆನಿಸಿದ ಸೇಂಟ್ ಆಂಡ್ರೂಸಿನ ಆಟಗಾರರು 1833ರಲ್ಲಿ ಸ್ಟೈಮಿಯನ್ನು ಬೇಡವೆಂದು ತೆಗೆದುಹಾಕಿದರು. ವರ್ಷ ಕಳೆಯುವುದರೊಳಗೆ ಬೇಕೆಂದು ಮರಳಿ ತಂದರು. 1834ರ ಮಸಲ್‌ಬರೋ ಕ್ಲಬ್ಬಿನ ನಿಯಮಗಳಲ್ಲಿ ಈ ಶಬ್ದವೂ ಆರು ಅಂಗುಲದ ಲೆಕ್ಕವೂ ಕಾಣಸಿಗುತ್ತವೆ. ನಿಘಂಟುಕಾರರು ಶಬ್ದದ ಹುಟ್ಟನ್ನು ತೋರಿಸಲು ಆ ಬರಹದತ್ತ ಬೆರಳು ಮಾಡುತ್ತಾರೆ. ಬಾಯಲ್ಲಿ ಅದಕ್ಕೂ ಮೊದಲೇ ಓಡಾಡುತ್ತಿದ್ದಿರಬೇಕು. ವಿವರಿಸದೆಯೇ ನಿಯಮದಲ್ಲಿ ಬಳಸಿದ್ದಾರೆಂದರೆ ಓದುವವರಿಗೆ ಗೊತ್ತಿದ್ದ ಮಾತೇ ಅದು.

ಶಬ್ದದ ಮೂಲ ಯಾವುದೆಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಡಚ್ ಭಾಷೆಯ ‘ನನ್ನನ್ನು ತಡೆಯುತ್ತದೆ’ ಎಂಬರ್ಥದ ಮಾತಿನಿಂದ ಬಂತೆಂದು ಕೆಲವರು. ನನಗೆ ಹೆಚ್ಚು ಹಿಡಿಸಿದ್ದು ಸ್ಕಾಟ್ ನುಡಿಯ ‘ಸ್ಟೈಮ್’ ಎಂಬ ಹಳೆಯ ಶಬ್ದ. ಕಣ್ಣಿಗೆ ಬೀಳುವ ಅತ್ಯಲ್ಪ ಎಂದು ಅದರ ಅರ್ಥ. ನಾವು ಮಿಣುಕು ಎನ್ನುವ ಹಾಗೆ. ಕಗ್ಗತ್ತಲಲ್ಲಿ ಒಂದು ಸ್ಟೈಮೂ ಕಾಣದು ಎನ್ನುವುದು ಅಲ್ಲಿನ ರೂಢಿ. ಕವಿ ರಾಬರ್ಟ್ ಬರ್ನ್ಸ್ ಕೂಡ ಆ ಶಬ್ದವನ್ನು ಬಳಸಿದ್ದಾನೆ. ಅದರಿಂದಲೇ ಮಬ್ಬುಗಣ್ಣಿನವನಿಗೆ ‘ಸ್ಟೈಮಿ’ ಎಂಬ ಹೆಸರು. ಕುಳಿ ಮರೆಯಾಗಿ ಕಾಣದ ಆಟಗಾರ ಮಬ್ಬುಗಣ್ಣಿನವನಾದ. ಹೀಗೆ ಹೇಳಿದರೆ ಸೊಗಸಾಗಿಯೇ ಇದೆ. ಆದರೆ ಸೊಗಸಾಗಿದೆಯೆಂದು ನಿಷ್ಪತ್ತಿ ನಿಜವಾಗುವುದಿಲ್ಲವೆಂಬುದು ಭಾಷೆ ಕಲಿಸುವವರೆಲ್ಲ ಏಟು ತಿಂದು ಕಲಿತ ಪಾಠ. ಎಂಜಿನಿಯರ್ ಸಾಹೇಬರು ನುಣುಪಿನ ವೇಗ ಅಳೆಯುವ ‘ಸ್ಟಿಂಪ್‌ಮೀಟರ್’ ಎಂಬ ಉಪಕರಣಕ್ಕೂ ಇದಕ್ಕೂ ನಂಟಿರಬೇಕೆಂದರು. ಇಲ್ಲ. ಅದು 1930ರ ದಶಕದಲ್ಲಿ ಎಡ್ವರ್ಡ್ ಸ್ಟಿಂಪ್ಸನ್ ಎಂಬ ಅಮೆರಿಕದವನು ಮಾಡಿದ್ದು, ಅವನ ಹೆಸರೇ ಅದಕ್ಕೆ ಬಂದಿದೆ. ಕಿವಿಗೆ ಒಂದೇ ಥರ ಕೇಳುವುದೆಲ್ಲ ನೆಂಟರಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಸ್ಟೈಮಿ ಅನ್ಯಾಯವೇ? ಮೊದಲು ಓದಿದಾಗ ನನಗೆ ಶುದ್ಧ ಅನ್ಯಾಯವೆಂದೇ ಕಂಡಿತು. ನಾನು ಚೆನ್ನಾಗಿ ಆಡಿ ಚೆಂಡನ್ನು ಕುಳಿಯ ಸಮೀಪಕ್ಕೆ ತಂದಿದ್ದೇನೆ. ಎದುರಾಳಿ ಕುಳಿಗೆಂದು ಹೊಡೆದು ತಪ್ಪಿದ್ದಾನೆ. ಅವನ ತಪ್ಪಿದ ಚೆಂಡು ನನ್ನ ದಾರಿಯಲ್ಲಿ ಬಂದು ನಿಂತಿತೆಂದು ದಂಡ ತೆರುವವನು ನಾನೇಕೆ? ಸ್ಟೈಮಿಯನ್ನು ವಿರೋಧಿಸಿದವರ ವಾದವೂ ಇದೇ. ಇದರ ಜೊತೆಗೆ ಬೇಕೆಂದೇ ಸ್ಟೈಮಿ ಹಾಕುವವರ ಪ್ರಶ್ನೆ. ಕುಳಿಗೆ ಬೀಳಿಸುವುದು ಸಾಧ್ಯವಿಲ್ಲವೆಂದು ಕಂಡಾಗ, ಎದುರಿನವನ ದಾರಿಯಲ್ಲಾದರೂ ಚೆಂಡು ನಿಲ್ಲಲಿ ಎಂದು ಆಡುವುದು. ನಿಯಮದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ಮರ್ಯಾದಸ್ಥರು ಹಾಗೆ ಮಾಡುತ್ತಾರೆಯೇ ಎಂಬ ಚರ್ಚೆ ಮಾತ್ರ ಮುಗಿಯುತ್ತಿರಲಿಲ್ಲ. ಆದರೆ ಬೇಕೆಂದು ಹಾಕುವುದು ಹೇಳಿದಷ್ಟು ಸುಲಭವಲ್ಲ. ಜಮಖಾನದ ಮೇಲೆ ನಾವು ಎಂಟು ಹತ್ತು ಸಲ ನಿಂಬೆಹಣ್ಣು ಉರುಳಿಸಿ ನೋಡಿದೆವು. ಒಂದೂ ಬೇಕಾದಲ್ಲಿ ನಿಲ್ಲಲಿಲ್ಲ. ನಿಂಬೆಹಣ್ಣಿನ ದೋಷವೂ ಇರಬಹುದು. ಬಹುಪಾಲು ಸ್ಟೈಮಿಗಳು ತಾವಾಗಿ ಆದವೇ ಆಗಿರಬೇಕು.

ಇನ್ನೊಂದು ಪಕ್ಷದ ವಾದ ಹೀಗೆ: ಅಡ್ಡ ಬಂದ ಚೆಂಡು ನಿನ್ನದಕ್ಕಿಂತ ಕುಳಿಗೆ ಹತ್ತಿರವಿದೆ, ಇಲ್ಲದಿದ್ದರೆ ಅದು ಅಡ್ಡ ಬರುತ್ತಲೇ ಇರಲಿಲ್ಲ. ನೀನು ಹಿಂದೆ ಉಳಿದದ್ದರಿಂದಲೇ ತೊಂದರೆಗೆ ಸಿಕ್ಕಿದೆ. ಜೋಡಿಯಾಟವೆಂದರೆ ಇಬ್ಬರೂ ಬೇರೆ ಬೇರೆಯಾಗಿ ಲೆಕ್ಕ ಬರೆದುಕೊಳ್ಳುವುದಲ್ಲ. ಒಬ್ಬನ ಆಟ ಇನ್ನೊಬ್ಬನಿಗೆ ತಾಗಬೇಕು. ಚದುರಂಗದಲ್ಲಿ ಎದುರಿನ ಪದಾತಿ ಅಡ್ಡ ಬಂತೆಂದು ಎತ್ತಿಡಿಸುತ್ತೇವೆಯೆ?

ಈ ಪಕ್ಷಕ್ಕೆ ಬಲವಾದ ಸಾಕ್ಷಿಯಾಗಿ ನಿಂತವನು ಬಾಬಿ ಜೋನ್ಸ್. ಅಮೆರಿಕದ ಅಟ್ಲಾಂಟದ ವಕೀಲ, ಹಣಕ್ಕಾಗಿ ಆಡಿದವನಲ್ಲ. 1930ರಲ್ಲಿ ಬ್ರಿಟನ್ನಿನ ಎರಡು, ಅಮೆರಿಕದ ಎರಡು, ಹೀಗೆ ಆ ಕಾಲದ ನಾಲ್ಕು ದೊಡ್ಡ ಪ್ರಶಸ್ತಿಗಳನ್ನೂ ಒಂದೇ ವರ್ಷದಲ್ಲಿ ಗೆದ್ದು, ಇಪ್ಪತ್ತೆಂಟನೆಯ ವಯಸ್ಸಿಗೇ ಸ್ಪರ್ಧೆಗಳಿಂದ ನಿವೃತ್ತನಾದ. ಗಾಲ್ಫಿನ ಗಂಧವಿಲ್ಲದವರೂ ಅವನ ಹೆಸರು ಕೇಳಿರುತ್ತಾರೆ. ಆದರೆ ಆ ನಾಲ್ಕರಲ್ಲಿ ಮೊದಲನೆಯದೇ ಕೈಬಿಟ್ಟು ಹೋಗುವುದರಲ್ಲಿತ್ತು. ಸೇಂಟ್ ಆಂಡ್ರೂಸಿನಲ್ಲಿ ನಡೆದ ಬ್ರಿಟಿಷ್ ಅಮೆಚೂರ್ ಪಂದ್ಯಾವಳಿಯ ನಾಲ್ಕನೆಯ ಸುತ್ತು. ಎದುರಾಳಿ ಸಿರಿಲ್ ಟಾಲಿ. ಹಿಂದಿನ ವರ್ಷ ಅದೇ ಪ್ರಶಸ್ತಿ ಗೆದ್ದಿದ್ದವನು. ಅಂದು ಬಿರುಗಾಳಿ. ಹದಿನೆಂಟು ಕುಳಿಗಳು ಮುಗಿದಾಗ ಇಬ್ಬರೂ ಸಮ. ಹತ್ತೊಂಬತ್ತನೆಯದೆಂದು ಮತ್ತೆ ಮೊದಲ ಕುಳಿಯಿಂದ ಆಡಬೇಕಾಯಿತು. ಟಾಲಿಯ ಎರಡನೆಯ ಹೊಡೆತ ನುಣುಪನ್ನು ತಪ್ಪಿ ಪಕ್ಕಕ್ಕೆ ಹೋಯಿತು; ಅಲ್ಲಿಂದ ಎತ್ತಿ ಹೊಡೆದದ್ದು ಕುಳಿಗೆ ಕೆಲವು ಅಡಿ ದೂರದಲ್ಲಿ ನಿಂತಿತು. ಜೋನ್ಸ್ ತನ್ನ ಚೆಂಡನ್ನು ಕುಳಿಗೆ ಉರುಳಿಸಿದ. ಅದು ಬೀಳಲಿಲ್ಲ. ಟಾಲಿಯ ಚೆಂಡಿಗೂ ಕುಳಿಗೂ ನಡುವೆ ಬಂದು ನಿಂತಿತು.

ಪೂರ್ಣ ಸ್ಟೈಮಿ. ಟಾಲಿ ಹಾರಿಸಿ ನೋಡಿದ, ಆಗಲಿಲ್ಲ. ಆಟ ಮುಗಿಯಿತು. ಜೋನ್ಸ್ ಮುಂದೆ ಸಾಗಿ, ಕೊನೆಯ ಸುತ್ತಿನಲ್ಲಿ ರೋಜರ್ ವೆದರ್‌ಡ್ ಎಂಬವನನ್ನು ಸುಲಭವಾಗಿ ಸೋಲಿಸಿ ಪ್ರಶಸ್ತಿ ಪಡೆದ. ಉಳಿದ ಮೂರು ಬೆನ್ನಿಗೇ ಬಂದವು. ಅಂದು ಆರು ಅಂಗುಲದ ಆ ನಿಯಮ ಇಲ್ಲದಿದ್ದರೆ ಜೋನ್ಸ್ ತನ್ನ ಚೆಂಡನ್ನು ಎತ್ತಿಕೊಳ್ಳುತ್ತಿದ್ದ, ಟಾಲಿಗೆ ದಾರಿ ತೆರೆಯುತ್ತಿತ್ತು, ಆಮೇಲೆ ಏನೂ ಆಗಬಹುದಿತ್ತು. ಬೇಕೆಂದು ಅಲ್ಲಿ ನಿಲ್ಲಿಸಿದ್ದೇ ಎಂದು ಕೇಳುವವರು ಕೇಳಬಹುದು. ಅಷ್ಟು ಗಾಳಿಯಲ್ಲಿ, ಅಷ್ಟು ಒತ್ತಡದಲ್ಲಿ ಯಾವ ಮನುಷ್ಯನೂ ಚೆಂಡನ್ನು ಹಾಗೆ ಅಳೆದು ನಿಲ್ಲಿಸಲಾರನೆಂದೇ ನನಗೆ ತೋರುತ್ತದೆ.

ಸ್ಟೈಮಿಯಿಂದ ಲಾಭ ಪಡೆದವನು ಅದನ್ನು ಹೊಗಳಿದರೆ ಆಶ್ಚರ್ಯವೇನು ಎನ್ನಬಹುದು. ಆದರೆ ಗಮನಿಸಬೇಕಾದದ್ದು ಆ ಹೊಗಳಿಕೆ ಬಂದ ಕಾಲ. ನಿಯಮ ಹೋಗಿ ಎಷ್ಟೋ ವರ್ಷಗಳಾದ ಮೇಲೆ, 1960ರಲ್ಲಿ ಹೊರಬಂದ ‘ಗಾಲ್ಫ್ ಈಸ್ ಮೈ ಗೇಮ್’ ಎಂಬ ತನ್ನ ಪುಸ್ತಕದಲ್ಲಿ ಜೋನ್ಸ್ ಸ್ಟೈಮಿಯ ಪರವಾಗಿ ವಾದಿಸಿದ. ಆ ವೇಳೆಗೆ ಬೆನ್ನುಹುರಿಯ ರೋಗದಿಂದ ಅವನು ಗಾಲಿಕುರ್ಚಿ ಹಿಡಿದಿದ್ದ. ಕೋಲು ಮುಟ್ಟಿ ವರ್ಷಗಳಾಗಿದ್ದವು. ಗೆಲ್ಲುವುದಕ್ಕೂ ಸೋಲುವುದಕ್ಕೂ ಅವನಿಗೆ ಇನ್ನೇನೂ ಉಳಿದಿರಲಿಲ್ಲ.

ನಿಯಮ ಒಮ್ಮೆಲೇ ಬಿದ್ದುಹೋಗಲಿಲ್ಲ. ಅಮೆರಿಕದವರಿಗೆ ಇದು ಎಂದೂ ಪೂರ್ತಿ ಒಗ್ಗಿರಲಿಲ್ಲ. 1938ರಲ್ಲಿ ಅವರು ಪ್ರಯೋಗಕ್ಕೆಂದು ಸಡಿಲಿಸಿ, ಕುಳಿಯಿಂದ ಆರು ಅಂಗುಲದೊಳಗೆ ಅಡ್ಡವಿರುವ ಚೆಂಡನ್ನು ಎತ್ತಿಸಬಹುದೆಂದರು. ಹೀಗೆ ಸಾಗರದ ಈಚೆ ಒಂದು ನಿಯಮ, ಆಚೆ ಒಂದು ನಿಯಮ. ಕೊನೆಗೆ 1951ರಲ್ಲಿ ಸೇಂಟ್ ಆಂಡ್ರೂಸಿನ ‘ರಾಯಲ್ ಅಂಡ್ ಏನ್ಷಿಯಂಟ್’ ಕ್ಲಬ್ಬಿನವರೂ ಅಮೆರಿಕದ ಗಾಲ್ಫ್ ಸಂಘದವರೂ ಒಟ್ಟಿಗೆ ಕುಳಿತು ಇಡೀ ಜಗತ್ತಿಗೆ ಒಂದೇ ನಿಯಮಾವಳಿ ಎಂದು ತೀರ್ಮಾನಿಸಿದರು. 1952ರ ಮೊದಲಿನಿಂದ ಅದು ಜಾರಿಗೆ ಬಂತು, ಸ್ಟೈಮಿ ಹೋಯಿತು. ಚೆಂಡಿನ ಗಾತ್ರದ ಬಗ್ಗೆ ಮಾತ್ರ ಅಂದೂ ಒಪ್ಪಂದವಾಗಲಿಲ್ಲ. ಬ್ರಿಟಿಷ್ ಚೆಂಡು ಅಮೆರಿಕದ್ದಕ್ಕಿಂತ ಅಂಗುಲದ ನೂರರಲ್ಲಿ ಆರು ಪಾಲು ಸಣ್ಣದು. ಅಷ್ಟು ಸಣ್ಣ ವ್ಯತ್ಯಾಸ 1990ರ ತನಕ ಬಗೆಹರಿಯಲಿಲ್ಲ. ಶತಮಾನದ ಜಗಳವನ್ನು ಒಂದು ಸಭೆಯಲ್ಲಿ ಮುಗಿಸಿದವರು ಕೂದಲೆಳೆಗೆ ಸುಮಾರು ನಲವತ್ತು ವರ್ಷ ತೆಗೆದುಕೊಂಡರು. ನಮ್ಮ ವಿಶ್ವವಿದ್ಯಾಲಯಗಳ ಪಠ್ಯಪುಸ್ತಕ ಸಮಿತಿಗಳನ್ನು ಕಂಡವರಿಗೆ ಇದು ಅಪರಿಚಿತವಲ್ಲ.

ತೆಗೆದದ್ದು ಸರಿಯೆಂದೇ ನನ್ನ ಅಭಿಪ್ರಾಯ. ಒಬ್ಬನ ತಪ್ಪಿಗೆ ಇನ್ನೊಬ್ಬ ದಂಡ ತೆರುವುದನ್ನು ಎಷ್ಟು ಸಮರ್ಥಿಸಿಕೊಂಡರೂ ಮನಸ್ಸು ಒಪ್ಪುವುದಿಲ್ಲ. ಆದರೆ ಹೋದದ್ದು ನಿಯಮವೊಂದೇ ಅಲ್ಲ. ಅದರ ಜೊತೆಗೆ ಒಂದು ಕುಶಲತೆಯೂ ಹೋಯಿತು. ಅಡ್ಡ ನಿಂತ ಚೆಂಡಿನ ಮೇಲೆ ತನ್ನ ಚೆಂಡನ್ನು ಮೆಲ್ಲಗೆ ಹಾರಿಸಿ, ಆಚೆ ಬದಿಗೆ ಇಳಿಸಿ, ನಾಲ್ಕೂಕಾಲು ಅಂಗುಲದ ಕುಳಿಯೊಳಕ್ಕೆ ಬೀಳಿಸುವುದು! ಅದಕ್ಕೆ ‘ನಿಬ್ಲಿಕ್’ ಎಂಬ, ಮುಖ ಹಿಂದಕ್ಕೆ ವಾಲಿದ ಕಬ್ಬಿಣದ ಕೋಲು ಬಳಸುತ್ತಿದ್ದರು. ಅದನ್ನು ಅಭ್ಯಾಸ ಮಾಡುವವರು ಈಗಿಲ್ಲ. ಏಕೆಂದರೆ ಆ ಪ್ರಸಂಗವೇ ಬರುವುದಿಲ್ಲ. ನಿಬ್ಲಿಕ್ ಎಂಬ ಹೆಸರೂ ಹೋಯಿತು. ಮ್ಯಾಷಿ, ಕ್ಲೀಕ್, ಬ್ರಾಸಿ, ಸ್ಪೂನ್ ಎಂದು ಒಂದೊಂದು ಕೋಲಿಗೂ ಸಾಕಿದ ದನಗಳಿಗಿರುವಂತೆ ಹೆಸರಿದ್ದವು. 1920ರ, 30ರ ದಶಕಗಳಲ್ಲಿ ಮರದ ಹಿಡಿ ಹೋಗಿ ಉಕ್ಕಿನ ಹಿಡಿ ಬಂದಂತೆ ಹೆಸರುಗಳು ಹೋಗಿ ಅಂಕಿಗಳು ಬಂದವು. ಐದು, ಏಳು, ಒಂಬತ್ತು. ಎಂಜಿನಿಯರ್ ಸಾಹೇಬರ ಚೀಲದಲ್ಲಿರುವುದೂ ಅಂಕಿಗಳೇ.

ಹಾಗಿದ್ದರೆ ಸ್ಟೈಮಿಯೊಂದು ಹೇಗೆ ಉಳಿಯಿತು? ಮೈದಾನ ದಾಟಿ ಹೊರಗೆ ಬಂದಿತ್ತು, ಅದಕ್ಕೇ ಉಳಿಯಿತು. ನಾಮಪದ ಮೊದಲು ಕ್ರಿಯಾಪದವಾಯಿತು. ಇಪ್ಪತ್ತನೆಯ ಶತಮಾನ ಆರಂಭವಾಗುವ ಹೊತ್ತಿಗೆ ಗಾಲ್ಫನ್ನು ಬಿಟ್ಟು ಬೇರೆ ಕಡೆಯೂ ಪ್ರಯೋಗಕ್ಕೆ ಬಂದಿತು. ಪತ್ರಿಕೆಯವರ ಕೈಗೆ ಸಿಕ್ಕಿದ ಮೇಲೆ ಕೇಳಬೇಕೆ! ಚಿಕ್ಕ ಶಬ್ದ, ತಲೆಬರಹದ ಒಂದೇ ಸಾಲಿಗೆ ಹಿಡಿಸುತ್ತದೆ. ಮಸೂದೆಗಳು, ತನಿಖೆಗಳು, ಸಂಧಾನಗಳು ಎಲ್ಲಕ್ಕೂ ಸ್ಟೈಮಿ ಆಗುತ್ತದೆ. ಆಟದ ಮೈದಾನದ ಮಾತು ಬೀದಿಗೆ ಬಂದು ಬಾಳುವುದು ನಮ್ಮಲ್ಲೂ ಹೊಸದೇನಲ್ಲ. ಗರಡಿಮನೆಯ ಮಣ್ಣು ಮೆಟ್ಟದವರೂ ಪಟ್ಟು ಹಿಡಿಯುತ್ತಾರೆ, ಎದುರಿನವರನ್ನು ಚಿತ್ ಮಾಡುತ್ತಾರೆ, ಚುನಾವಣೆಯ ಅಖಾಡಕ್ಕೆ ಇಳಿಯುತ್ತಾರೆ. ಪೇಚಿಗೆ ಸಿಕ್ಕಿಕೊಂಡೆ ಎನ್ನುವವನಿಗೆ ‘ಪೇಚು’ ಪಾರಸಿಯಿಂದ ಬಂದ ತಿರುಚಿನ ಮಾತೆಂದೂ, ಕುಸ್ತಿಯ ಹಿಡಿತಕ್ಕೂ ಗಾಳಿಪಟದ ದಾರಗಳ ಸಿಕ್ಕಿಗೂ ಅದೇ ಹೆಸರೆಂದೂ ಗೊತ್ತಿರಬೇಕಾದ್ದಿಲ್ಲ.

ಹೊರಗೆ ಬಂದ ಮಾತು ದಾರಿಯಲ್ಲಿ ಏನನ್ನೋ ಕಳೆದುಕೊಳ್ಳುತ್ತದೆ. ಸ್ಟೈಮಿ ಕಳೆದುಕೊಂಡದ್ದೇನು? ಈಗ ಇಂಗ್ಲಿಷಿನಲ್ಲಿ ಒಬ್ಬರು ಇನ್ನೊಬ್ಬರನ್ನು ಸ್ಟೈಮಿ ಮಾಡಿದರೆಂದರೆ ಬೇಕೆಂದೇ ತಡೆದರೆಂದು ಸಾಮಾನ್ಯವಾಗಿ ಅರ್ಥ. ಮೈದಾನದಲ್ಲಿ ಹಾಗಿರಲಿಲ್ಲ. ಅಲ್ಲಿ ಅಡ್ಡ ಬಂದವನು ತಾನೂ ಕುಳಿಗೇ ಹೊರಟಿದ್ದವನು. ತಲುಪಲಾರದೆ ನಡುದಾರಿಯಲ್ಲಿ ನಿಂತ. ಅವನ ಸೋಲೇ ಇವನಿಗೆ ಗೋಡೆಯಾಯಿತು. ಬೈಯಬೇಕೆಂದರೆ ಯಾರನ್ನು ಬೈಯುವುದು? ಚೆಂಡನ್ನೇ? ಹುಲ್ಲನ್ನೇ? ತಪ್ಪಿತಸ್ಥನಿಲ್ಲದ ತಡೆಗೆ ಆ ಭಾಷೆಯಲ್ಲಿ ಒಂದು ಚೊಕ್ಕ ಹೆಸರಿತ್ತು. ಬಳಕೆಯಲ್ಲಿ ಸವೆದು ಅದಕ್ಕೂ ಒಬ್ಬ ತಪ್ಪಿತಸ್ಥ ಬಂದು ಸೇರಿಕೊಂಡ.

ಕನ್ನಡದಲ್ಲಿ ಇದಕ್ಕೆ ಏನನ್ನಬೇಕು? ಅಡ್ಡಗಾಲು ಆಗದು, ಹೇಳಿದೆನಲ್ಲ. ತಡೆ, ಅಡ್ಡಿ ಎಂಬವು ನಡೆಯುತ್ತವೆ; ಆದರೆ ಯಾವ ಬಣ್ಣವೂ ಇಲ್ಲದ ಮಾತುಗಳು. ವಿಘ್ನ ಎಂದರೆ ಗಣಪತಿ ನೆನಪಾಗುತ್ತಾನೆ. ‘ಎಡರು’ ಹಳೆಯ, ಒಳ್ಳೆಯ ಶಬ್ದ. ಎಡರು ಬರುತ್ತದೆ, ಯಾರೂ ತರಬೇಕಾದ್ದಿಲ್ಲ. ‘ತೊಡರು’ ಎಂಬುದೂ ಇದೆ; ಕಾಲಿಗೆ ಬಳ್ಳಿ ತೊಡರಿತೆಂದರೆ ಬಳ್ಳಿಯ ಮೇಲೆ ಯಾರೂ ಮೊಕದ್ದಮೆ ಹೂಡುವುದಿಲ್ಲ. ಎಡರುತೊಡರು ಎಂದು ಎರಡನ್ನೂ ಸೇರಿಸಿ ಹೇಳುವ ಜೋಡುನುಡಿಯಲ್ಲಿ ಈ ಎರಡೂ ಶಬ್ದಗಳು ಇನ್ನೂ ಉಸಿರಾಡುತ್ತಿವೆ, ಬಿಡಿಯಾಗಿ ಬಳಸುವವರು ಕಡಿಮೆ.

ಮಾರನೆಯ ವಾರ ಹುಡುಗಿಯನ್ನು ಕರೆದು ಇಷ್ಟನ್ನೂ ಹೇಳಿದೆ. ಪೂರ್ತಿ ಕೇಳಿದಳು. “ಹಾಗಾದರೆ ಸಾರ್, ಪತ್ರಿಕೆಯವರು ಮಳೆಗೆ ಆ ಶಬ್ದ ಬಳಸಿದ್ದು ಹಳೆಯ ಅರ್ಥದಲ್ಲಿ ಸರಿಯಾಗಿಯೇ ಇದೆ. ಅವರಿಗೆ ಗಾಲ್ಫಿನ ವಿಷಯ ಗೊತ್ತಿತ್ತೆ?” ಎಂದಳು.

“ಇರಲಾರದಮ್ಮ. ಗೊತ್ತಿಲ್ಲದೆಯೇ ಸರಿಯಾಗಿ ಬಿದ್ದಿದೆ” ಎಂದೆ.

“ನಾನು ಬರೆದದ್ದು ಗೊತ್ತಿಲ್ಲದೆ ತಪ್ಪಾಗಿ ಬಿತ್ತು. ಇಬ್ಬರಿಗೂ ಗೊತ್ತಿರಲಿಲ್ಲ. ಅಂಕ ಹೋದದ್ದು ನನಗೊಬ್ಬಳಿಗೆ.”

ಪತ್ರಿಕೆಯನ್ನು ತೆಗೆದುಕೊಂಡು ಅರ್ಧ ಅಂಕವನ್ನು ಮರಳಿ ಹಾಕಿದೆ. ಅವಳು ಬರೆದ ವಾಕ್ಯದ ಪಕ್ಕದಲ್ಲಿ ‘ಮಳೆ ಮುಂಚೆ ಬಂತು, ಸೇತುವೆಯ ಕೆಲಸಕ್ಕೆ ಎಡರಾಯಿತು’ ಎಂದು ಕೆಂಪು ಮಸಿಯಲ್ಲಿ ಬರೆದುಕೊಟ್ಟೆ. ಓದಿ ನೋಡಿ, ಇದು ಸ್ವಲ್ಪ ಹಳಗನ್ನಡದ ಹಾಗಿದೆ ಸಾರ್, ಎಂದಳು.